ಒಂದೇ ಮೇಲ್, ನಾಲ್ಕು ವಿಳಾಸ: ಯಾವ ಫೋಲ್ಡರಿಗೆ ಹಾಕೋಣ?

ಮಂಗಳೂರಿನ ಬಂದರಿನಲ್ಲಿ ನಮ್ಮ ಆಫೀಸು. ಗೇರುಬೀಜದ ವ್ಯಾಪಾರ. ಕೆಳಗೆ ಗೋದಾಮು, ಮಹಡಿಯಲ್ಲಿ ನಾವು ಮೂರು ಜನ. ಕಂಪ್ಯೂಟರು ಎರಡು, ಮೇಲ್‌ಬಾಕ್ಸ್ ಒಂದೇ. ಎಕ್ಸ್‌ಪೋರ್ಟ್, ಅಕೌಂಟ್ಸ್, ಇನ್ಫೋ ಎಂದು ಮೂರು ವಿಳಾಸಗಳನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿದ್ದೇವೆ. ಹೊರಗಿನವರಿಗೆ ಮೂರು ಡಿಪಾರ್ಟ್‌ಮೆಂಟ್ ಇದ್ದ ಹಾಗೆ ಕಾಣಬೇಕಲ್ಲ! ಮೂರೂ ಬಂದು ಬೀಳುವುದು ಒಂದೇ ಇನ್‌ಬಾಕ್ಸಿಗೆ.

ಮೊದಮೊದಲು ಸುಲಭವಾಗಿಯೇ ಇತ್ತು. ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರಿನಲ್ಲಿ ಮೂರು ಫೋಲ್ಡರ್ ಮಾಡಿದೆ, ಮೂರು ಫಿಲ್ಟರ್ ಬರೆದೆ. ಅಕೌಂಟ್ಸ್ ವಿಳಾಸಕ್ಕೆ ಬಂದದ್ದು ಅಕೌಂಟ್ಸ್ ಫೋಲ್ಡರಿಗೆ, ಎಕ್ಸ್‌ಪೋರ್ಟಿಗೆ ಬಂದದ್ದು ಎಕ್ಸ್‌ಪೋರ್ಟಿಗೆ, ಉಳಿದದ್ದು ಇನ್ಫೋಗೆ. ಆಮೇಲೆ ಒಂದು ಮಳೆಗಾಲದಲ್ಲಿ ಪೆಟ್ಟು ಬಿತ್ತು. ಬಿ.ಎಲ್. (ಬಿಲ್ ಆಫ್ ಲೇಡಿಂಗ್, ಸರಕು ಹತ್ತಿಸಿಕೊಂಡದ್ದಕ್ಕೆ ಹಡಗು ಕಂಪನಿ ಕೊಡುವ ದಾಖಲೆ) ಡ್ರಾಫ್ಟಿನಲ್ಲಿ ತನ್ನ ವಿಳಾಸ ತಪ್ಪಾಗಿದೆ ಎಂದು ಬಯರ್ ಮೇಲ್ ಹಾಕಿದ್ದ. ಅದೇ ಮೇಲಿನಲ್ಲಿ ಇನ್ವಾಯ್ಸಿನ ಬಗ್ಗೆಯೂ ಒಂದು ಸಾಲು ಇದ್ದದ್ದರಿಂದ ಅಕೌಂಟ್ಸ್ ವಿಳಾಸವನ್ನೂ ಸೇರಿಸಿದ್ದ. ನನ್ನ ಫಿಲ್ಟರ್ ಪಟ್ಟಿಯಲ್ಲಿ ಅಕೌಂಟ್ಸ್ ಮೇಲಿತ್ತು, ಎಕ್ಸ್‌ಪೋರ್ಟ್ ಕೆಳಗಿತ್ತು. ಮೇಲ್ ಸೀದಾ ಅಕೌಂಟ್ಸ್ ಫೋಲ್ಡರಿಗೆ ಹೋಯಿತು. ಲೆಕ್ಕ ನೋಡುವವರು ಆ ವಾರ ಊರಿನಲ್ಲಿ ಇರಲಿಲ್ಲ. ಬಿ.ಎಲ್. ತಪ್ಪು ವಿಳಾಸದಲ್ಲೇ ಇಶ್ಯೂ ಆಯಿತು. ತಿದ್ದಿಸಲಿಕ್ಕೆ ಶಿಪ್ಪಿಂಗ್ ಲೈನಿಗೆ ದುಡ್ಡು ಕಟ್ಟಬೇಕಾಯಿತು.

‘ಮೇಲ್ ಬರ್ಲೇ ಇಲ್ವಾ ಮಾರಾಯ್ರೆ?’ ಎಂದು ಧಣಿಗಳು ಕೇಳಿದರು. ಬಂದಿತ್ತು. ಓದಿದವರಿರಲಿಲ್ಲ ಅಷ್ಟೆ.

ಆಮೇಲೆ ಫಿಲ್ಟರ್‌ಗಳನ್ನು ಪೂರ್ತಿ ಅಳಿಸಿ ಮೊದಲಿನಿಂದ ಬರೆದೆ. ಆ ಲೆಕ್ಕಾಚಾರವನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಥಂಡರ್‌ಬರ್ಡ್ ಇಟ್ಟುಕೊಂಡು ಹೇಳುತ್ತಿದ್ದೇನೆ. ಪುಕ್ಕಟೆ ಸಾಫ್ಟ್‌ವೇರ್, 2004ರಿಂದ ಉಂಟು. ಜಿಮೇಲ್ ಬ್ರೌಸರಿನಲ್ಲಿ ಬಳಸುವವರಿಗೆ ಕೊನೆಯ ಕಡೆ ಸ್ವಲ್ಪ ಬೇರೆ ಮಾತಿದೆ.

ಎಡವಟ್ಟು ಎಲ್ಲಿ ಆಗುತ್ತದೆ

ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸನ್ನು ನೆನಪು ಮಾಡಿಕೊಳ್ಳಿ. ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು, ಹೀಗೆ ಸ್ಟಾಪುಗಳು. ಹೊಸ ಮೇಲ್ ಬಂದಾಗ ಅದು ಫಿಲ್ಟರ್ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಹೀಗೆಯೇ ಪ್ರಯಾಣ ಮಾಡುತ್ತದೆ. ಪ್ರತಿ ಫಿಲ್ಟರ್ ಒಂದು ಸ್ಟಾಪು. ‘ಈ ಮೇಲ್ ನಂದಾ?’ ಎಂದು ಕೇಳುತ್ತದೆ. ಹೌದಾದರೆ ತನ್ನ ಕೆಲಸ ಮಾಡುತ್ತದೆ. ಆ ಕೆಲಸ ‘ಬೇರೆ ಫೋಲ್ಡರಿಗೆ ಸಾಗಿಸು’ ಎಂದಾಗಿದ್ದರೆ ಮೇಲ್ ಅಲ್ಲೇ ಇಳಿಯಿತು. ಸುರತ್ಕಲ್‌ನಲ್ಲಿ ಇಳಿದವರು ಮುಲ್ಕಿಯಲ್ಲಿ ಎಷ್ಟು ಹೊತ್ತು ಕಾದರೂ ಸಿಗುವುದಿಲ್ಲವಲ್ಲ, ಹಾಗೆ ಕೆಳಗಿನ ಫಿಲ್ಟರ್‌ಗಳಿಗೆ ಆ ಮೇಲ್ ಕಾಣುವುದೇ ಇಲ್ಲ.

ಮೇಲಿನಲ್ಲಿ ಒಂದೇ ವಿಳಾಸ ಇದ್ದಾಗ ಇದರಿಂದ ಏನೂ ತೊಂದರೆ ಇಲ್ಲ. ಎರಡು ಮೂರು ವಿಳಾಸ ಇದ್ದಾಗ ಮಾತ್ರ, ಪಟ್ಟಿಯಲ್ಲಿ ಯಾರು ಮೇಲಿದ್ದಾರೋ ಅವರದ್ದೇ ಆಟ.

ತುಂಬಾ ಜನರಿಗೆ ಥಟ್ಟನೆ ಹೊಳೆಯುವ ಉಪಾಯ, ಸಾಗಿಸುವ ಬದಲು ಕಾಪಿ ಮಾಡುವುದು. ನಾನೂ ಒಂದು ತಿಂಗಳು ಮಾಡಿ ನೋಡಿದೆ. ಬೇಡ. ಒಂದೇ ಮೇಲಿನ ಎರಡು ಪ್ರತಿ ಆದ ಮೇಲೆ ಅವು ಎರಡು ಬೇರೆ ಮೇಲ್‌ಗಳು. ಒಂದರಲ್ಲಿ ಓದಿದ್ದು ಇನ್ನೊಂದರಲ್ಲಿ ಓದದ ಹಾಗೆ ದಪ್ಪಕ್ಷರದಲ್ಲಿ ಕಾಣುತ್ತದೆ. ಒಂದಕ್ಕೆ ನಾನು ಉತ್ತರ ಕೊಟ್ಟರೆ ಇನ್ನೊಂದರಲ್ಲಿ ಆ ಗುರುತೇ ಇಲ್ಲ. ಹಾಗಾಗಿ ಒಬ್ಬನೇ ಬಯರಿಗೆ ಇಬ್ಬರು ಉತ್ತರ ಬರೆದದ್ದೂ ಆಯಿತು. ಫೈಟೋ ಸರ್ಟಿಫಿಕೇಟ್ (ಸರಕಿನಲ್ಲಿ ಕೀಟ-ರೋಗ ಇಲ್ಲ ಎಂಬ ಪ್ರಮಾಣಪತ್ರ), ಪ್ಯಾಕಿಂಗ್ ಲಿಸ್ಟ್ ಎಂದು ಸ್ಕ್ಯಾನ್ ಮಾಡಿದ ಅಟ್ಯಾಚ್‌ಮೆಂಟ್‌ಗಳು ಎರಡೆರಡು ಸಲ ಜಾಗ ತಿನ್ನುವುದು ಬೇರೆ.

ನಾನು ಕೊನೆಗೆ ಹಿಡಿದ ದಾರಿ ಇದು. ಫೋಲ್ಡರ್ ಅಂದರೆ ಒಂದು ಜಾಗ, ಮೇಲ್ ಒಂದೇ ಜಾಗದಲ್ಲಿ ಇರಲಿ. ಅದು ಯಾವ ಜಾಗ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ: ಈ ಮೇಲ್ ತಪ್ಪಿಹೋದರೆ ಯಾರ ಕೆಲಸ ಮೊದಲು ಕೆಡುತ್ತದೆ? ಅವರ ಫೋಲ್ಡರಿಗೆ ಹೋಗಲಿ. ಉಳಿದವರಿಗೆ ಅದರ ಮೇಲೊಂದು ಚೀಟಿ ಅಂಟಿಸಿದರೆ ಸಾಕು. ಚೀಟಿ ಅಂದರೆ ಟ್ಯಾಗ್. ಒಂದು ಮೇಲಿಗೆ ಎಷ್ಟು ಟ್ಯಾಗ್ ಬೇಕಾದರೂ ಹಾಕಬಹುದು.

ಮೊದಲು ಒಂದು ಮೇಲನ್ನು ಬಿಡಿಸಿ ನೋಡಿ

ಫಿಲ್ಟರ್ ಬರೆಯುವ ಮೊದಲು ನಿಮ್ಮ ಇನ್‌ಬಾಕ್ಸಿನಿಂದ ಹೆಚ್ಚು ವಿಳಾಸಗಳಿರುವ ಹತ್ತು ಮೇಲ್ ಆರಿಸಿ. ವಿಳಾಸದ ಸಾಲುಗಳನ್ನು ಮಾತ್ರ ನೋಡಿ. ನಮ್ಮಲ್ಲಿ ಬರುವ ಮಾಮೂಲಿ ಮೇಲ್ ಹೀಗಿರುತ್ತದೆ:

ಫ್ರಮ್: ಬಯರ್
ಟು: ನಮ್ಮ ಎಕ್ಸ್‌ಪೋರ್ಟ್ ವಿಳಾಸ, ಸಿ.ಎಚ್.ಎ. (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್)
ಸಿಸಿ: ನಮ್ಮ ಅಕೌಂಟ್ಸ್ ವಿಳಾಸ, ಧಣಿಗಳು, ಶಿಪ್ಪಿಂಗ್ ಲೈನ್
ಸಬ್ಜೆಕ್ಟ್: ಡಬ್ಲ್ಯು 320, ಬಿ.ಎಲ್. ಡ್ರಾಫ್ಟ್

(ಡಬ್ಲ್ಯು 320 ಅಂದರೆ ಒಂದು ಪೌಂಡಿಗೆ ಸುಮಾರು 320 ಬಿಳಿ ತಿರುಳು ಬರುವ ಗ್ರೇಡ್. ಈ ಕಸುಬಿನವರಲ್ಲದವರು ಇದನ್ನು ಯಾವುದೋ ಮೊಬೈಲ್ ಮಾಡೆಲ್ ಅಂದುಕೊಳ್ಳುತ್ತಾರೆ.)

‘ಟು’ ಅಂದರೆ ಕೆಲಸ ನಿಮ್ಮದು, ‘ಸಿಸಿ’ ಅಂದರೆ ನಿಮ್ಮ ಗಮನಕ್ಕೆ. ಟೈಪ್‌ರೈಟರಿನ ಕಾಲದಲ್ಲಿ ಕಾರ್ಬನ್ ಪೇಪರ್ ಇಟ್ಟು ತೆಗೆಯುತ್ತಿದ್ದ ಪ್ರತಿಯ ಹೆಸರೇ ಅದು. ಆದರೆ ನಂಬಿ ಕೆಡಬೇಡಿ. ‘ರಿಪ್ಲೈ ಆಲ್’ ಒತ್ತಿದ ಮೇಲೆ ಎಲ್ಲ ಕಲಸಿಹೋಗುತ್ತದೆ. ನಾಲ್ಕು ಸಲ ಹೋಗಿ ಬಂದ ಮೇಲಿನಲ್ಲಿ ಮೊದಲು ‘ಟು’ ಸಾಲಿನಲ್ಲಿ ಇದ್ದ ನಾವು ‘ಸಿಸಿ’ಗೆ ಬಂದಿರುತ್ತೇವೆ. ಅದಕ್ಕೇ ಫಿಲ್ಟರಿನಲ್ಲಿ ಬರೀ ‘ಟು’ ಎಂದು ಆರಿಸಬೇಡಿ. ‘ಟು ಆರ್ ಸಿಸಿ’ ಎಂಬ ಆಯ್ಕೆ ಉಂಟು, ಅದನ್ನೇ ಆರಿಸಿ. ನನ್ನ ಹಳೆಯ ಫಿಲ್ಟರ್‌ಗಳಲ್ಲಿ ಅರ್ಧದಷ್ಟು ತಪ್ಪು ಇಲ್ಲೇ ಇತ್ತು.

ಫೋಲ್ಡರ್ ಮತ್ತು ಟ್ಯಾಗ್ ತಯಾರಿ

ಫೋಲ್ಡರ್ ಕಡಿಮೆ ಇರಲಿ. ಬಯರಿಗೊಂದು, ಕಂಟೇನರಿಗೊಂದು ಎಂದು ಮಾಡುತ್ತಾ ಹೋದರೆ ಆರು ತಿಂಗಳಲ್ಲಿ ನಿಮಗೇ ದಾರಿ ತಪ್ಪುತ್ತದೆ. ನಮ್ಮಲ್ಲಿ ಈಗ ನಾಲ್ಕೇ ಇವೆ: ಶಿಪ್‌ಮೆಂಟ್, ಲೆಕ್ಕ, ಕಚ್ಚಾಬೀಜ, ಇತರೆ. ಎಡಗಡೆ ಅಕೌಂಟಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಫೋಲ್ಡರ್’ ಕೊಟ್ಟರೆ ಆಯಿತು. ‘ಲೋಕಲ್ ಫೋಲ್ಡರ್ಸ್’ ಅಡಿಯಲ್ಲಿ ಮಾಡಬೇಡಿ. ಅಲ್ಲಿಗೆ ಹೋದ ಮೇಲ್ ಸರ್ವರಿನಿಂದ ಇಳಿದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಉಳಿಯುತ್ತದೆ. ಫೋನಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಟ್ಯಾಗ್‌ಗಳು ಥಂಡರ್‌ಬರ್ಡಿನಲ್ಲಿ ಮೊದಲೇ ಐದು ಇರುತ್ತವೆ: ಇಂಪಾರ್ಟೆಂಟ್, ವರ್ಕ್, ಪರ್ಸನಲ್, ಟು ಡೂ, ಲೇಟರ್. ಕೀಬೋರ್ಡಿನಲ್ಲಿ 1ರಿಂದ 5ರವರೆಗಿನ ಅಂಕೆ ಒತ್ತಿದರೆ ಆಯಾ ಟ್ಯಾಗ್ ಬೀಳುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ, 0 ಒತ್ತಿದರೆ ಎಲ್ಲವೂ ಹೋಗುತ್ತವೆ. ಇವನ್ನು ಬಿಟ್ಟು ನಿಮ್ಮದೇ ಟ್ಯಾಗ್ ಬೇಕಾದರೆ ಮೇಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಟ್ಯಾಗ್’, ಆಮೇಲೆ ‘ನ್ಯೂ ಟ್ಯಾಗ್’. ನಾನು ‘ಅಕೌಂಟ್ಸ್’, ‘ಧಣಿ’ ಎಂದು ಎರಡು ಮಾಡಿದೆ, ಬಣ್ಣ ಬೇರೆ ಬೇರೆ ಕೊಟ್ಟೆ. ಟ್ಯಾಗಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಟ್ಟಿದ್ದೇನೆ. ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಸ್ಪೆಲ್ಲಿಂಗಿನಲ್ಲಿ ಅದೇ ಟ್ಯಾಗ್ ಮಾಡಬೇಕು. ಇಲ್ಲದಿದ್ದರೆ ಇಲ್ಲಿ ಅಂಟಿಸಿದ ಚೀಟಿ ಅಲ್ಲಿ ಕಾಣದು.

ಫಿಲ್ಟರ್ ಬರೆಯುವುದು

ಬಲಗಡೆಯ ಮೂರು ಗೆರೆಯ ಮೆನುವಿನಲ್ಲಿ ‘ಟೂಲ್ಸ್’, ಅದರೊಳಗೆ ‘ಮೆಸೇಜ್ ಫಿಲ್ಟರ್ಸ್’. ವಿಂಡೋಸಿನಲ್ಲಿ ಆಲ್ಟ್ ಕೀ ಒತ್ತಿದರೆ ಹಳೆಯ ಕಾಲದ ಮೆನು ಸಾಲೂ ಮೇಲೆ ಬರುತ್ತದೆ, ಅಲ್ಲೂ ‘ಟೂಲ್ಸ್’ ಇದೆ. ತೆರೆದ ಕಿಟಕಿಯಲ್ಲಿ ಮೊದಲು ‘ಫಿಲ್ಟರ್ಸ್ ಫಾರ್’ ಎಂಬಲ್ಲಿ ನಿಮ್ಮ ಅಕೌಂಟ್ ಸರಿಯಾಗಿದೆಯಾ ನೋಡಿ. ಪ್ರತಿ ಅಕೌಂಟಿಗೂ ಬೇರೆಯೇ ಪಟ್ಟಿ. ಎರಡು ಅಕೌಂಟ್ ಇಟ್ಟುಕೊಂಡವರು ತಪ್ಪು ಪಟ್ಟಿಯಲ್ಲಿ ಬರೆದು ‘ಫಿಲ್ಟರ್ ಕೆಲಸ ಮಾಡ್ತಿಲ್ಲ’ ಎಂದು ಫೋನ್ ಮಾಡುವುದು ಮಾಮೂಲು.

‘ನ್ಯೂ’ ಒತ್ತಿ. ಮೊದಲ ಫಿಲ್ಟರ್ ಚೀಟಿ ಅಂಟಿಸುವುದು. ಹೆಸರು: ಚೀಟಿ-ಅಕೌಂಟ್ಸ್. ಯಾವಾಗ ಓಡಬೇಕು ಎಂಬಲ್ಲಿ ‘ಮ್ಯಾನುವಲಿ ರನ್’ ಮತ್ತು ‘ಗೆಟಿಂಗ್ ನ್ಯೂ ಮೇಲ್’ ಎರಡಕ್ಕೂ ಟಿಕ್ ಇರಲಿ. ಮೊದಲನೆಯದು ಹಳೆಯ ಮೇಲ್‌ಗಳ ಮೇಲೆ ಓಡಿಸಲು ಬೇಕು. ಅದರ ಕೆಳಗೆ ಮೂರು ಆಯ್ಕೆ: ‘ಮ್ಯಾಚ್ ಆಲ್’ ಅಂದರೆ ಎಲ್ಲ ಷರತ್ತೂ ಕೂಡಿಬರಬೇಕು, ‘ಮ್ಯಾಚ್ ಎನಿ’ ಅಂದರೆ ಒಂದಾದರೂ ಸಾಕು, ಮೂರನೆಯದು ಷರತ್ತೇ ಇಲ್ಲದೆ ಎಲ್ಲ ಮೇಲಿಗೂ. ನಾವು ‘ಎನಿ’ ಆರಿಸೋಣ.

ಷರತ್ತಿನ ಸಾಲಿನಲ್ಲಿ ಎಡಕ್ಕೆ ‘ಟು ಆರ್ ಸಿಸಿ’, ನಡುವೆ ‘ಕಂಟೇನ್ಸ್’, ಬಲಕ್ಕೆ ಅಕೌಂಟ್ಸಿನ ಪೂರ್ತಿ ವಿಳಾಸ. ಇಲ್ಲಿ ಸೋಮಾರಿತನ ಮಾಡಬೇಡಿ. ‘ಇನ್ಫೋ’ ಎಂದಷ್ಟೇ ಬರೆದು ಬಿಟ್ಟರೆ, ಆ ನಾಲ್ಕಕ್ಷರ ಇರುವ ಯಾರದೋ ಕಂಪನಿಯ ವಿಳಾಸವೂ ಅದರಲ್ಲಿ ಸಿಕ್ಕಿಬೀಳುತ್ತದೆ. ಅಟ್ ಗುರುತು, ಡಾಟ್ ಕಾಮ್ ಸಮೇತ ಪೂರ್ತಿ ಬರೆಯಿರಿ.

ಕೆಳಗೆ ಕ್ರಿಯೆಯ ಜಾಗದಲ್ಲಿ ‘ಟ್ಯಾಗ್ ಮೆಸೇಜ್’, ಪಕ್ಕದಲ್ಲಿ ‘ಅಕೌಂಟ್ಸ್’. ಸಾಗಿಸುವ ಮಾತು ಇಲ್ಲಿ ಬೇಡ. ಓಕೆ ಕೊಡಿ. ಇದೇ ಥರ ಇನ್ನೊಂದು: ಧಣಿಗಳ ವಿಳಾಸ ‘ಟು ಆರ್ ಸಿಸಿ’ಯಲ್ಲಿ ಇದ್ದರೆ ‘ಧಣಿ’ ಟ್ಯಾಗ್. ಧಣಿಗಳಿಗೂ ಹೋಗಿರುವ ಮೇಲಿಗೆ ಸಂಜೆಯೊಳಗೆ ಉತ್ತರ ಹೋಗಿರಬೇಕು ಎಂಬುದು ನನ್ನ ಅನುಭವ. ಸಂಜೆ ಅವರು ಕೇಳಿಯೇ ಕೇಳುತ್ತಾರೆ.

ಈಗ ಸಾಗಿಸುವ ಫಿಲ್ಟರ್‌ಗಳು. ‘ಸಾಗಿಸು-ಶಿಪ್‌ಮೆಂಟ್’: ‘ಟು ಆರ್ ಸಿಸಿ’ಯಲ್ಲಿ ಎಕ್ಸ್‌ಪೋರ್ಟ್ ವಿಳಾಸ ಇದ್ದರೆ ‘ಮೂವ್ ಮೆಸೇಜ್ ಟು’ ಶಿಪ್‌ಮೆಂಟ್ ಫೋಲ್ಡರ್. ‘ಸಾಗಿಸು-ಲೆಕ್ಕ’: ಅಕೌಂಟ್ಸ್ ವಿಳಾಸ ಇದ್ದರೆ ಲೆಕ್ಕದ ಫೋಲ್ಡರಿಗೆ. ‘ಸಾಗಿಸು-ಇತರೆ’: ಇನ್ಫೋ ವಿಳಾಸ. ‘ಸಾಗಿಸು-ಕಚ್ಚಾಬೀಜ’ ಬರೆಯುವುದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಎಲ್ಲ ಬರೆದ ಮೇಲೆ ಪಟ್ಟಿಯ ಕ್ರಮ ಸರಿಮಾಡಿ. ಫಿಲ್ಟರ್ ಆರಿಸಿ ‘ಮೂವ್ ಅಪ್’, ‘ಮೂವ್ ಡೌನ್’ ಒತ್ತಿದರೆ ಮೇಲೆ ಕೆಳಗೆ ಹೋಗುತ್ತದೆ. ನನ್ನ ಪಟ್ಟಿ ಮೇಲಿನಿಂದ ಹೀಗಿದೆ:

ಚೀಟಿ-ಅಕೌಂಟ್ಸ್
ಚೀಟಿ-ಧಣಿ
ಸಾಗಿಸು-ಕಚ್ಚಾಬೀಜ
ಸಾಗಿಸು-ಶಿಪ್‌ಮೆಂಟ್
ಸಾಗಿಸು-ಲೆಕ್ಕ
ಸಾಗಿಸು-ಇತರೆ

ಚೀಟಿಗಳೆಲ್ಲ ಮೇಲೆ, ಸಾಗಾಟವೆಲ್ಲ ಕೆಳಗೆ. ಬಸ್ಸಿನಿಂದ ಇಳಿಯುವ ಮೊದಲೇ ಟಿಕೆಟ್ ಹರಿಯಬೇಕಲ್ವಾ. ಆ ಬಿ.ಎಲ್. ಡ್ರಾಫ್ಟಿನ ಮೇಲ್ ಇವತ್ತು ಬಂದರೆ ಮೊದಲ ಸ್ಟಾಪಿನಲ್ಲಿ ಅಕೌಂಟ್ಸ್ ಚೀಟಿ ಅಂಟುತ್ತದೆ, ಎರಡನೆಯದರಲ್ಲಿ ಧಣಿ ಚೀಟಿ, ಮೂರನೆಯದು ತನಗೆ ಸಂಬಂಧ ಇಲ್ಲ ಎಂದು ಬಿಡುತ್ತದೆ, ನಾಲ್ಕನೆಯದರಲ್ಲಿ ಶಿಪ್‌ಮೆಂಟ್ ಫೋಲ್ಡರಿಗೆ ಇಳಿಯುತ್ತದೆ. ಲೆಕ್ಕದ ಫಿಲ್ಟರಿಗೆ ಅದು ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ.

ಶಿಪ್‌ಮೆಂಟ್ ಯಾಕೆ ಲೆಕ್ಕಕ್ಕಿಂತ ಮೇಲೆ? ಹಡಗು ಕಾಯುವುದಿಲ್ಲ. ಇನ್ವಾಯ್ಸ್ ಎರಡು ದಿನ ತಡವಾದರೆ ಒಂದು ಫೋನಿನಲ್ಲಿ ಸುಧಾರಿಸಬಹುದು. ನಿಮ್ಮ ಆಫೀಸಿನಲ್ಲಿ ಕ್ರಮ ಬೇರೆ ಇರಬಹುದು. ಆಡಿಟರ್ ಆಫೀಸಾದರೆ ನೋಟಿಸ್ ಮೊದಲು, ಅಪಾರ್ಟ್‌ಮೆಂಟ್ ಸಂಘವಾದರೆ ನೀರು-ಲಿಫ್ಟಿನ ದೂರು ಮೊದಲು. ಈ ಒಂದು ವಿಷಯಕ್ಕೆ ಐದು ನಿಮಿಷ ಕೂತು ಯೋಚನೆ ಮಾಡಿ, ಜೊತೆಗೆ ಕೆಲಸ ಮಾಡುವವರನ್ನೂ ಕೇಳಿ.

‘ಸ್ಟಾಪ್ ಫಿಲ್ಟರ್ ಎಕ್ಸಿಕ್ಯೂಷನ್’ ಎಂಬ ಇನ್ನೊಂದು ಕ್ರಿಯೆಯೂ ಪಟ್ಟಿಯಲ್ಲಿ ಕಾಣುತ್ತದೆ. ಮೇಲ್ ಇನ್‌ಬಾಕ್ಸಿನಲ್ಲೇ ಉಳಿಯಬೇಕು, ಆದರೆ ಕೆಳಗಿನ ಯಾವ ಫಿಲ್ಟರೂ ಮುಟ್ಟಬಾರದು ಎಂದಾಗ ಅದು ಬೇಕಾಗುತ್ತದೆ. ನಾನು ಒಂದು ಕಡೆ ಮಾತ್ರ ಬಳಸಿದ್ದೆ, ಬ್ಯಾಂಕಿನಿಂದ ಬರುವ ಮೇಲಿಗೆ.

ಲೆಕ್ಕದವರು ಎಲ್ಲಿ ನೋಡಬೇಕು?

ಚೀಟಿ ಅಂಟಿಸಿದ್ದೇನೋ ಸರಿ, ಆದರೆ ಅಕೌಂಟ್ಸಿನವರು ನಾಲ್ಕು ಫೋಲ್ಡರ್ ತಡಕಬೇಕಾ? ಬೇಡ. ಇಲ್ಲಿ ‘ಸೇವ್ಡ್ ಸರ್ಚ್’ ಎಂಬುದು ಬರುತ್ತದೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ಇಷ್ಟವಾದದ್ದು ಇದೇ.

‘ಫೈಲ್’ ಮೆನುವಿನಲ್ಲಿ ‘ನ್ಯೂ’, ಅದರೊಳಗೆ ‘ಸೇವ್ಡ್ ಸರ್ಚ್’. ಹೆಸರು ಕೊಡಿ: ಲೆಕ್ಕದವರು ನೋಡಬೇಕಾದ್ದು. ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಎಂದು ಕೇಳುವಲ್ಲಿ ಇನ್‌ಬಾಕ್ಸ್ ಮತ್ತು ನಾಲ್ಕೂ ಫೋಲ್ಡರಿಗೆ ಟಿಕ್ ಹಾಕಿ. ಷರತ್ತು: ‘ಟ್ಯಾಗ್ಸ್’, ‘ಕಂಟೇನ್ಸ್’, ‘ಅಕೌಂಟ್ಸ್’. ಓಕೆ ಕೊಟ್ಟ ಕೂಡಲೇ ಎಡಗಡೆ ಫೋಲ್ಡರಿನ ಹಾಗೆಯೇ ಒಂದು ಕಾಣಿಸುತ್ತದೆ. ಒಳಗೆ ಹೋದರೆ ಎಲ್ಲ ಕಡೆಯ ಅಕೌಂಟ್ಸ್ ಚೀಟಿಯ ಮೇಲ್‌ಗಳು ಒಟ್ಟಿಗೆ. ಮೇಲ್ ಮಾತ್ರ ಇದ್ದಲ್ಲೇ ಇದೆ. ಇಲ್ಲಿ ಕಾಣುವುದು ಅದರದೇ ಮುಖ.

ಹಾಗಾಗಿ ಒಂದು ಎಚ್ಚರಿಕೆ: ಇಲ್ಲಿ ಡಿಲೀಟ್ ಮಾಡಿದರೆ ಅಸಲು ಮೇಲೇ ಹೋಗುತ್ತದೆ. ಮೊದಲ ವಾರವೇ ನಮ್ಮಲ್ಲಿ ಹೀಗಾಯಿತು. ‘ಇದು ಬರೀ ಲಿಸ್ಟ್ ಅಲ್ವಾ’ ಎಂದು ಲೆಕ್ಕದವರು ಹದಿನೈದು ಮೇಲ್ ಗುಡಿಸಿ ಹಾಕಿದ್ದರು. ಟ್ರ್ಯಾಶಿನಲ್ಲಿ ಸಿಕ್ಕಿತು, ಬಚಾವಾದೆವು. ಕೆಲಸ ಮುಗಿದ ಮೇಲೆ ಮಾಡಬೇಕಾದ್ದು ಡಿಲೀಟ್ ಅಲ್ಲ, ಚೀಟಿ ತೆಗೆಯುವುದು. ಆ ಟ್ಯಾಗಿನ ಅಂಕೆ ಒತ್ತಿದರೆ ಚೀಟಿ ಹೋಗುತ್ತದೆ, ಪಟ್ಟಿಯಿಂದ ಮೇಲ್ ಮರೆಯಾಗುತ್ತದೆ, ಶಿಪ್‌ಮೆಂಟ್ ಫೋಲ್ಡರಿನಲ್ಲಿ ಹಾಗೇ ಇರುತ್ತದೆ.

ಒಂದೇ ಮೇಲ್‌ಬಾಕ್ಸ್ ಹಂಚಿಕೊಂಡವರಿಗೆ ಇದು ಬೇರೆ ಕಾರಣಕ್ಕೂ ಒಳ್ಳೆಯದು. ನಾನು ಓದಿದ ಮೇಲ್ ಅವರ ಕಂಪ್ಯೂಟರಿನಲ್ಲೂ ಓದಿದ ಹಾಗೆ ಕಾಣುತ್ತದೆ. ದಪ್ಪಕ್ಷರ ನೋಡಿ ಕೆಲಸ ಬಾಕಿ ಇದೆಯಾ ಎಂದು ತಿಳಿಯಲು ಹೋದರೆ ಮೋಸ ಹೋಗುತ್ತೀರಿ. ಚೀಟಿ ಇದ್ದರೆ ಬಾಕಿ, ಇಲ್ಲದಿದ್ದರೆ ಮುಗಿದಿದೆ. ನಮ್ಮಲ್ಲಿ ಈಗ ಇದೇ ಪದ್ಧತಿ.

ಹೊಸ ಬಯರ್ ಬಂದಾಗಲೆಲ್ಲ ಫಿಲ್ಟರ್ ತಿದ್ದಬೇಕಾ?

ಕಚ್ಚಾಬೀಜದ ಫಿಲ್ಟರ್ ಬರೆಯುವಾಗ ಈ ಪ್ರಶ್ನೆ ಬಂತು. ಆಫ್ರಿಕಾದ ಕಡೆಯಿಂದ ಬೀಜ ತರಿಸುವಾಗ ಬ್ರೋಕರ್‌ಗಳು ವರ್ಷಕ್ಕೊಬ್ಬರು ಬದಲಾಗುತ್ತಾರೆ. ಎಲ್ಲರೂ ಬರೆಯುವುದು ಎಕ್ಸ್‌ಪೋರ್ಟ್ ವಿಳಾಸಕ್ಕೇ. ಇಂಪೋರ್ಟಿಗೆ ಬೇರೆ ವಿಳಾಸ ಇಲ್ಲವಲ್ಲ! ಹಾಗಾಗಿ ಇಲ್ಲಿ ಯಾರಿಗೆ ಬಂತು ಎಂದು ನೋಡಿ ಪ್ರಯೋಜನ ಇಲ್ಲ, ಯಾರಿಂದ ಬಂತು ಎಂದು ನೋಡಬೇಕು.

ಇದಕ್ಕೆ ಅಡ್ರೆಸ್ ಬುಕ್ ಬಳಸಿ. ‘ಬ್ರೋಕರ್ಸ್’ ಎಂದು ಹೊಸ ಅಡ್ರೆಸ್ ಬುಕ್ ಮಾಡಿ, ಅವರ ವಿಳಾಸಗಳನ್ನು ಅದಕ್ಕೆ ಹಾಕಿ. ಫಿಲ್ಟರಿನ ಷರತ್ತಿನಲ್ಲಿ ‘ಫ್ರಮ್’, ‘ಈಸ್ ಇನ್ ಮೈ ಅಡ್ರೆಸ್ ಬುಕ್’, ‘ಬ್ರೋಕರ್ಸ್’ ಎಂದು ಆರಿಸಿ. ಇನ್ನು ಹೊಸಬರು ಬಂದರೆ ಅಡ್ರೆಸ್ ಬುಕ್ಕಿಗೆ ಸೇರಿಸಿದರೆ ಮುಗಿಯಿತು, ಫಿಲ್ಟರ್ ಮುಟ್ಟುವ ಹಾಗೇ ಇಲ್ಲ. ಈ ಫಿಲ್ಟರ್ ಶಿಪ್‌ಮೆಂಟಿಗಿಂತ ಮೇಲೆ ಇರಬೇಕು. ಇಲ್ಲದಿದ್ದರೆ ಎಕ್ಸ್‌ಪೋರ್ಟ್ ವಿಳಾಸ ನೋಡಿ ಅದೇ ಎಳೆದುಕೊಂಡು ಬಿಡುತ್ತದೆ.

ಒಂದೇ ಫಿಲ್ಟರಿನಲ್ಲಿ ‘ಇದೂ ಇರಬೇಕು, ಜೊತೆಗೆ ಅದು ಅಥವಾ ಇನ್ನೊಂದು ಇರಬೇಕು’ ಎಂದು ಬರೆಯಲು ಥಂಡರ್‌ಬರ್ಡಿನಲ್ಲಿ ಆಗುವುದಿಲ್ಲ. ‘ಆಲ್’ ಅಥವಾ ‘ಎನಿ’, ಎರಡರಲ್ಲಿ ಒಂದೇ. ಅಂಥಾ ಕಡೆ ಎರಡು ಫಿಲ್ಟರ್ ಮಾಡಿ. ‘ಡಸಂಟ್ ಕಂಟೇನ್’ ಎಂಬ ಆಯ್ಕೆಯ ಗೋಜಿಗೆ, ವಿಳಾಸಗಳ ವಿಷಯದಲ್ಲಿ, ನಾನು ಹೋಗುವುದಿಲ್ಲ. ಐದು ವಿಳಾಸ ಇರುವಾಗ ಯಾವುದರಲ್ಲಿ ‘ಇಲ್ಲ’ ಎಂದು ತಲೆ ಬಿಸಿ ಮಾಡಿಕೊಳ್ಳುವ ಬದಲು, ‘ಇದೆ’ ಎನ್ನುವ ಫಿಲ್ಟರನ್ನು ಮೇಲೆ ಹಾಕಿ ಅಲ್ಲೇ ಇಳಿಸಿಬಿಡುವುದು ಸುಲಭ.

ಹಳೆಯ ರಾಶಿ, ಮತ್ತು ಪರೀಕ್ಷೆ

ಫಿಲ್ಟರ್ ಕಿಟಕಿಯ ಕೆಳಗೆ ಫೋಲ್ಡರ್ ಆರಿಸುವ ಜಾಗ ಮತ್ತು ‘ರನ್ ನೌ’ ಗುಂಡಿ ಇದೆ. ಆರಿಸಿದ ಫಿಲ್ಟರ್ ಹಳೆಯ ಮೇಲ್‌ಗಳ ಮೇಲೆ ಓಡುತ್ತದೆ. ಆದರೆ ಎಂಟು ಸಾವಿರ ಮೇಲ್ ಇರುವ ಇನ್‌ಬಾಕ್ಸಿನ ಮೇಲೆ ಮೊದಲ ದಿನವೇ ಓಡಿಸಬೇಡಿ. ‘ಪರೀಕ್ಷೆ’ ಎಂದು ಒಂದು ಫೋಲ್ಡರ್ ಮಾಡಿ, ಆಗ ಬಿಡಿಸಿ ನೋಡಿದ ಹತ್ತು ಮೇಲ್‌ಗಳನ್ನು ಅಲ್ಲಿಗೆ ಕಾಪಿ ಮಾಡಿ, ಅವುಗಳ ಮೇಲೆ ಓಡಿಸಿ. ಎಲ್ಲಿ ಹೋಯಿತು ಎಂದು ಒಂದೊಂದಾಗಿ ಹುಡುಕಿ. ‘ಫಿಲ್ಟರ್ ಲಾಗ್’ ಒತ್ತಿ ಲಾಗ್ ಚಾಲೂ ಮಾಡಿಟ್ಟರೆ ಯಾವ ಫಿಲ್ಟರ್ ಯಾವ ಮೇಲಿಗೆ ಏನು ಮಾಡಿತು ಎಂದು ಬರೆದಿಡುತ್ತದೆ. ‘ಮೇಲ್ ಬರ್ಲೇ ಇಲ್ವಾ’ ಎಂದು ಯಾರಾದರೂ ಕೇಳಿದರೆ ತೋರಿಸಲಿಕ್ಕೂ ಆಗುತ್ತದೆ.

ಬಿಸಿಸಿ ಎಂಬ ಮಾಯೆ

ನಮ್ಮ ಧಣಿಗಳಿಗೆ ಒಂದು ಅಭ್ಯಾಸ. ಬಯರಿಗೆ ಬರೆಯುವಾಗ ನಮಗೆ ಗೊತ್ತಿರಲಿ ಎಂದು ಅಕೌಂಟ್ಸ್ ವಿಳಾಸವನ್ನು ಬಿಸಿಸಿಯಲ್ಲಿ, ಅಂದರೆ ಬೇರೆಯವರಿಗೆ ಕಾಣದ ಪ್ರತಿಯ ಸಾಲಿನಲ್ಲಿ, ಹಾಕುತ್ತಾರೆ. ಅದು ಯಾವ ಫಿಲ್ಟರಿಗೂ ಸಿಗದೆ ಇನ್‌ಬಾಕ್ಸಿನಲ್ಲೇ ಉಳಿಯುತ್ತಿತ್ತು. ಕಾರಣ ಸರಳ. ನಮಗೆ ತಲುಪುವ ಮೇಲಿನಲ್ಲಿ ಬಿಸಿಸಿ ಸಾಲೇ ಇರುವುದಿಲ್ಲ, ಕಳಿಸುವಾಗಲೇ ತೆಗೆದುಬಿಡುತ್ತಾರೆ. ‘ಟು ಆರ್ ಸಿಸಿ’ಯಲ್ಲಿ ಇಲ್ಲದ ಹೆಸರನ್ನು ಫಿಲ್ಟರ್ ಎಲ್ಲಿಂದ ಹುಡುಕೀತು?

ಆದರೂ ಒಂದು ದಾರಿ ಉಂಟು. ಅಂಥ ಮೇಲ್ ತೆರೆದು ಕಂಟ್ರೋಲ್ ಮತ್ತು ಯು ಒತ್ತಿ. ಮೇಲಿನ ಅಸಲು ಬರಹ ಕಾಣುತ್ತದೆ, ನೋಡಲಿಕ್ಕೆ ಗೊಂಡಾರಣ್ಯ. ಆರಂಭದ ಸಾಲುಗಳಲ್ಲಿ ‘ಡೆಲಿವರ್ಡ್-ಟು’ ಅಥವಾ ‘ಎಕ್ಸ್-ಒರಿಜಿನಲ್-ಟು’ ಎಂದು ಇದೆಯಾ ನೋಡಿ. ಮೇಲನ್ನು ನಿಮ್ಮ ಡಬ್ಬಿಗೆ ಹಾಕಿದ ಸರ್ವರ್ ಬರೆದ ಗುರುತು ಅದು. ಎಲ್ಲ ಸರ್ವರ್‌ಗಳೂ ಬರೆಯುವುದಿಲ್ಲ. ಇದ್ದರೆ ನಿಮ್ಮ ಅದೃಷ್ಟ. ಫಿಲ್ಟರಿನ ಷರತ್ತಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ‘ಕಸ್ಟಮೈಸ್’ ಎಂದಿದೆ. ಅದನ್ನು ಒತ್ತಿ, ಆ ಸಾಲಿನ ಹೆಸರನ್ನು ಅಲ್ಲಿದ್ದ ಹಾಗೆಯೇ ಇಂಗ್ಲಿಷಿನಲ್ಲಿ, ನಡುವಿನ ಅಡ್ಡಗೆರೆ ಸಮೇತ, ಕೊನೆಯ ಕೋಲನ್ ಬಿಟ್ಟು ಬರೆದು ಸೇರಿಸಿ. ಇನ್ನು ಮುಂದೆ ‘ಟು’, ‘ಸಿಸಿ’ ಥರ ಅದೂ ಒಂದು ಆಯ್ಕೆಯಾಗಿ ಕಾಣುತ್ತದೆ. ಚೀಟಿ-ಅಕೌಂಟ್ಸ್ ಫಿಲ್ಟರಿಗೆ ಎರಡನೇ ಷರತ್ತಾಗಿ ಇದನ್ನು ಹಾಕಿದೆ. ಹಳೆಯ ಮೇಲ್ ಮೇಲೆ ಓಡಿಸಿ ಸಿಗದಿದ್ದರೆ ಗಾಬರಿ ಬೇಡ, ಹೊಸದಾಗಿ ಒಂದು ಕಳಿಸಿಕೊಂಡು ನೋಡಿ.

ಗುರುತೇ ಇಲ್ಲದಿದ್ದರೆ ‘ಫ್ರಮ್’ ಧಣಿಗಳದ್ದು ಎಂದು ಹಿಡಿದು ಚೀಟಿ ಅಂಟಿಸಿ. ಅಷ್ಟು ಸಾಕು.

ಎರಡು ಕಂಪ್ಯೂಟರ್, ಒಂದು ಫೋನ್

ಈ ಫಿಲ್ಟರ್‌ಗಳು ಓಡುವುದು ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ. ರಾತ್ರಿ ಬಂದ ಮೇಲ್ ಬೆಳಿಗ್ಗೆ ನಾವು ಕಂಪ್ಯೂಟರ್ ಹಾಕುವವರೆಗೆ ಇನ್‌ಬಾಕ್ಸಿನಲ್ಲೇ ಇರುತ್ತದೆ, ಫೋನಿನಲ್ಲೂ ಹಾಗೇ ಕಾಣುತ್ತದೆ. ಎರಡು ಕಂಪ್ಯೂಟರಿನಲ್ಲೂ ಫಿಲ್ಟರ್ ಬರೆದಿಡಬೇಡಿ. ಒಂದು ಸಾಗಿಸುವಷ್ಟರಲ್ಲಿ ಇನ್ನೊಂದು ಎಳೆಯುತ್ತದೆ. ಬೆಳಿಗ್ಗೆ ಮೊದಲು ಹಾಕುವ ಕಂಪ್ಯೂಟರಿನಲ್ಲಿ ಮಾತ್ರ ಇರಲಿ.

ಇನ್ನೊಂದು ಚಿಕ್ಕ ಸೌಕರ್ಯ. ಅಕೌಂಟ್ ಸೆಟ್ಟಿಂಗ್ಸಿನ ‘ಕಾಪೀಸ್ ಆಂಡ್ ಫೋಲ್ಡರ್ಸ್’ ಪುಟದಲ್ಲಿ, ನಾವು ಬರೆಯುವ ಉತ್ತರದ ಪ್ರತಿಯನ್ನು ಮೂಲ ಮೇಲ್ ಇರುವ ಫೋಲ್ಡರಿನಲ್ಲೇ ಇಡುವ ಆಯ್ಕೆ ಇದೆ. ಟಿಕ್ ಹಾಕಿ. ಬಯರ್ ಕೇಳಿದ್ದು, ನಾವು ಹೇಳಿದ್ದು ಒಂದೇ ಕಡೆ ಸಿಗುತ್ತದೆ. ‘ಸೆಂಟ್’ನಲ್ಲಿ ಹುಡುಕುವ ಕೆಲಸ ತಪ್ಪಿತು.

ಜಿಮೇಲ್‌ನವರಿಗೆ

ಜಿಮೇಲಿನಲ್ಲಿ ಫೋಲ್ಡರ್ ಇಲ್ಲ, ಲೇಬಲ್ ಇದೆ. ಒಂದು ಮೇಲಿಗೆ ಎರಡು ಮೂರು ಲೇಬಲ್ ಅಂಟಿಸಬಹುದು. ಹಾಗಾಗಿ ಮೇಲೆ ಹೇಳಿದ ಅರ್ಧ ಗೋಳು ಅಲ್ಲಿ ಇಲ್ಲವೇ ಇಲ್ಲ. ಬ್ರೌಸರಿನಲ್ಲಿ ಹುಡುಕುವ ಪಟ್ಟಿಯ ಬಲತುದಿಯ ಗುರುತನ್ನು ಒತ್ತಿ, ‘ಟು’ ಜಾಗದಲ್ಲಿ ವಿಳಾಸ ಬರೆದು ‘ಕ್ರಿಯೇಟ್ ಫಿಲ್ಟರ್’ ಕೊಡಿ. ‘ಅಪ್ಲೈ ದಿ ಲೇಬಲ್’ ಆರಿಸಿ. ಇನ್‌ಬಾಕ್ಸಿನಲ್ಲಿ ಕಾಣುವುದು ಬೇಡವಾದರೆ ಮಾತ್ರ ‘ಸ್ಕಿಪ್ ದಿ ಇನ್‌ಬಾಕ್ಸ್’. ನಾನಾದರೆ ಮೊದಲ ಎರಡು ವಾರ ಅದಕ್ಕೆ ಟಿಕ್ ಹಾಕುವುದಿಲ್ಲ. ಫಿಲ್ಟರ್ ಓಡುವುದು ಸರ್ವರಿನಲ್ಲಿ, ಹಾಗಾಗಿ ಕಂಪ್ಯೂಟರ್ ಹಾಕದಿದ್ದರೂ ನಡೆಯುತ್ತದೆ.

ಅದೇ ಜಿಮೇಲನ್ನು ಥಂಡರ್‌ಬರ್ಡಿನಲ್ಲಿ ತೆರೆದರೆ ಲೇಬಲ್‌ಗಳು ಫೋಲ್ಡರಿನ ವೇಷದಲ್ಲಿ ಬರುತ್ತವೆ. ಎರಡು ಲೇಬಲ್ ಇರುವ ಮೇಲ್ ಎರಡು ಫೋಲ್ಡರಿನಲ್ಲಿ ಕಾಣುತ್ತದೆ. ಡಬಲ್ ಬಂದಿದೆ ಎಂದು ಒಂದನ್ನು ಅಳಿಸಬೇಡಿ. ಎರಡೂ ಕಡೆಯಿಂದ ಹೋಗಬಹುದು. ಸರ್ವರಿನಲ್ಲೇ ವಿಂಗಡಣೆಯಾಗುವ ಫೋಲ್ಡರಿಗೆ ಹೊಸ ಮೇಲ್ ಬಂದದ್ದು ಥಂಡರ್‌ಬರ್ಡಿಗೆ ಗೊತ್ತಾಗದೆಯೂ ಇರಬಹುದು. ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ಅಲ್ಲಿ ಹೊಸ ಮೇಲ್ ತರುವಾಗ ಈ ಫೋಲ್ಡರನ್ನೂ ಯಾವಾಗಲೂ ನೋಡು ಎಂಬ ಸಾಲಿಗೆ ಟಿಕ್ ಹಾಕಿ.

ಇಷ್ಟೆಲ್ಲ ಬರೆದ ಫಿಲ್ಟರ್‌ಗಳು ಕೂತಿರುವುದು ಒಂದು ಪುಟ್ಟ ಫೈಲಿನಲ್ಲಿ. ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ಪುಟದಿಂದ ಪ್ರೊಫೈಲ್ ಫೋಲ್ಡರ್ ತೆರೆಯಿರಿ. ಅದರಲ್ಲಿ ‘ಐಮ್ಯಾಪ್‌ಮೇಲ್’, ಅದರೊಳಗೆ ನಿಮ್ಮ ಸರ್ವರಿನ ಹೆಸರಿನ ಫೋಲ್ಡರ್, ಅಲ್ಲಿ ‘ಎಂ.ಎಸ್.ಜಿ. ಫಿಲ್ಟರ್ ರೂಲ್ಸ್’ ಎಂಬ ಹೆಸರಿನದು. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಡಿ. ಜೂನ್ ತಿಂಗಳ ಸಿಡಿಲಿಗೆ ನಮ್ಮ ಹಳೆಯ ಕಂಪ್ಯೂಟರ್ ಸುಟ್ಟುಹೋದಾಗ ಮೇಲ್‌ಗಳೆಲ್ಲ ಸರ್ವರಿನಲ್ಲಿ ಭದ್ರವಾಗಿದ್ದವು. ಫಿಲ್ಟರ್ ಮಾತ್ರ ಮತ್ತೆ ಕೂತು ಬರೆಯಬೇಕಾಯಿತು.